ದಣಪೆಯಿಂದ ಕೊಟ್ಟಿಗೆಯವರೆಗೆ

‘ವರ್ಷ’ ಎಂಬ ಪದವನ್ನು ಒಮ್ಮೆ ಗಮನವಿಟ್ಟು ನೋಡಿ. ಮೊದಲು ‘ವ’, ಆಮೇಲೆ ‘ಷ’, ಅದರ ಬಲಗಡೆ ಕೊಕ್ಕೆಯಂತೆ ಅರ್ಕಾವೊತ್ತು. ಕಣ್ಣಿಗೆ ಕೊನೆಯಲ್ಲಿ ಕಾಣುವ ಆ ರಕಾರವನ್ನು ಬಾಯಿ ಮಾತ್ರ ‘ಷ’ಕ್ಕಿಂತ ಮೊದಲೇ ಹೇಳಬೇಕು. ಹೆಚ್ಚಿನವರಿಗೆ ಇದೊಂದು ತೊಡಕು ಅನ್ನುವುದೇ ಗೊತ್ತಾಗುವುದಿಲ್ಲ. ಮೂರನೇ ಕ್ಲಾಸಿನಲ್ಲಿ ನಾನು ಎದ್ದು ನಿಂತು ಅದನ್ನು ‘ವಷರ’ ಎಂದು ಓದಿದೆ. ಮಾಸ್ತರು ಇನ್ನೊಮ್ಮೆ ಓದಿಸಿದರು. ‘ವರಷ’ ಎಂದೆ. ಮೂರನೇ ಸಲ ಬಾಯಿ ತೆರೆಯುವ ಮೊದಲೇ ಅಡಿಕೋಲು ಬೆರಳ ಗೆಣ್ಣಿನ ಮೇಲೆ ಬಿತ್ತು. ಉತ್ತರ ಒಳಗೆ ಬರುತ್ತಿತ್ತು, ಇನ್ನೊಂದು ಹತ್ತು ಸೆಕೆಂಡು ಸಿಕ್ಕಿದ್ದರೆ ನಾಲಗೆಗೂ ಬರುತ್ತಿತ್ತು. ಆ ಹತ್ತು ಸೆಕೆಂಡು ಅವತ್ತು ಸಿಗಲಿಲ್ಲ. ಅಲ್ಲಿಂದ ಎಸ್ಸೆಸ್ಸೆಲ್ಸಿವರೆಗೆ ನನ್ನ ಹೆಸರಿಗಿಂತ ಹೆಚ್ಚು ಸಲ ನನ್ನ ಕಿವಿಗೆ ಬಿದ್ದ ಪದ ‘ದಡ್ಡ’.

ಈಗ ನಾನು ಮಕ್ಕಳಿಗೂ ದೊಡ್ಡವರಿಗೂ ನೆನಪಿಡುವ, ಕಲಿಯುವ ವಿಧಾನಗಳನ್ನು ಹೇಳಿಕೊಡುತ್ತೇನೆ. ಇಪ್ಪತ್ತು ವರ್ಷಗಳಿಂದ ಇದೇ ನನ್ನ ಕಸುಬು. ನನ್ನ ತರಗತಿಗೆ ಮಗುವನ್ನು ಕರೆತರುವ ಅಪ್ಪ ಅಮ್ಮ ಮೊದಲು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ಎಲ್ಲ ಗೊತ್ತಿರತ್ತೆ ಸಾರ್, ಪುಸ್ತಕ ಹಿಡಿದರೆ ಮಾತ್ರ ಏನೂ ಬರಲ್ಲ.” ಆ ಮಾತು ಕೇಳಿದಾಗಲೆಲ್ಲ ನನ್ನ ಬೆರಳ ಗೆಣ್ಣು ಮತ್ತೆ ನೋಯುತ್ತದೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹಗಲು ಶಾಲೆ, ರಾತ್ರಿ ಇನ್ನೊಂದು ಶಾಲೆ

ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಊರು. ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಅಡಿಕೆ ಸುಲಿಯಲು ಎಲ್ಲರೂ ಕೂರುತ್ತಿದ್ದರು. ಮೆಟ್ಟುಗತ್ತಿಯ ಟಕಟಕ ಸದ್ದಿನ ನಡುವೆ ಅಜ್ಜ ಕಥೆ ಹೇಳುತ್ತಿದ್ದರು. ಊರಲ್ಲಿ ಆಟ ಆದ ಮರುದಿನವಂತೂ ಹಿಂದಿನ ರಾತ್ರಿಯ ಯಕ್ಷಗಾನದ ಮಾತೇ ಮಾತು. ಭೀಷ್ಮ ಏನೆಂದ, ಅದಕ್ಕೆ ಪರಶುರಾಮ ಏನು ಉತ್ತರ ಕೊಟ್ಟ ಎಂಬುದನ್ನು ಸಾಲು ತಪ್ಪದೆ, ವೇಷಧಾರಿಯ ಧ್ವನಿಯಲ್ಲೇ ಹೇಳಲು ಎಲ್ಲರೂ ನನ್ನನ್ನು ಕರೆಯುತ್ತಿದ್ದರು. ನಾನು ಹೇಳುತ್ತಿದ್ದೆ. ಅಜ್ಜಿಯಿಂದ ಕೇಳಿ ಕಲಿತ ಮಗ್ಗಿ ಇಪ್ಪತ್ತರವರೆಗೂ ಬರುತ್ತಿತ್ತು. ಆದರೆ ಅದೇ ಮಗ್ಗಿಯನ್ನು ಸ್ಲೇಟಿನ ಮೇಲೆ ಬರೆ ಎಂದರೆ 6 ತಿರುಗಿ ನಿಲ್ಲುತ್ತಿತ್ತು, 12 ಹೋಗಿ 21 ಆಗುತ್ತಿತ್ತು.

‘ಬ’ ಮತ್ತು ‘ಭ’, ‘ದ’ ಮತ್ತು ‘ಧ’, ‘ಮ’ ಮತ್ತು ‘ವ’ ನನ್ನ ಕಣ್ಣಿಗೆ ಅವಳಿ ಮಕ್ಕಳು. ಒತ್ತಕ್ಷರ ಬಂತೆಂದರೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುವಷ್ಟರಲ್ಲಿ ಸಾಲಿನ ಅರ್ಥವೇ ಕೈತಪ್ಪುತ್ತಿತ್ತು. ಮನೆಯಲ್ಲಿ ಇದಕ್ಕೆ ಕೊಟ್ಟ ವಿವರಣೆ ಸೋಮಾರಿತನ. “ಆಟ ನೆನಪಿರ್ತದೆ, ಪಾಠ ನೆನಪಿರೂದಿಲ್ಲ” ಎಂದು ಅಪ್ಪ ನೊಂದು ಹೇಳುತ್ತಿದ್ದರು. ಆ ವಾಕ್ಯದಲ್ಲೇ ಉತ್ತರ ಇತ್ತು. ಒಬ್ಬನೇ ಹುಡುಗ ಕೇಳಿದ್ದನ್ನು ಹಿಡಿದಿಡುತ್ತಾನೆ, ನೋಡಿ ಓದಬೇಕಾದ್ದರಲ್ಲಿ ಎಡವುತ್ತಾನೆ ಎಂದರೆ ತೊಂದರೆ ನೆನಪಿನಲ್ಲೂ ಇಲ್ಲ, ಮನಸ್ಸಿನಲ್ಲೂ ಇಲ್ಲ, ಅಕ್ಷರವನ್ನು ಧ್ವನಿಯಾಗಿಸುವ ದಾರಿಯಲ್ಲಿದೆ. ಅದನ್ನು ಹಾಗೆ ಓದಿಕೊಳ್ಳಬಲ್ಲವರು ನಮ್ಮೂರಲ್ಲಿ ಆಗ ಇರಲಿಲ್ಲ. 1988ರಲ್ಲಿ ಎಸ್ಸೆಸ್ಸೆಲ್ಸಿ ಫೇಲಾದೆ. ಅದೇ ಬೇಸಿಗೆಯಲ್ಲಿ ನನ್ನನ್ನು ಹುಬ್ಬಳ್ಳಿಯಲ್ಲಿದ್ದ ಸಂಬಂಧಿಕರ ಕಿರಾಣಿ ಅಂಗಡಿಗೆ ಕಳಿಸಿದರು.

ಚೀಟಿ ಬರೆಯಲು ಅಂಜಿದವನ ಉಪಾಯ

ಅಂಗಡಿಯಲ್ಲಿ ಗಿರಾಕಿ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಒಳಗಿನಿಂದ ಸಾಮಾನು ತರಬೇಕು. ಬರೆದರೆ ನನ್ನ ಅಕ್ಷರ ಬಯಲಾಗುತ್ತದೆ. ಆ ಭಯಕ್ಕೆ ಬರೆಯುವುದನ್ನೇ ತಪ್ಪಿಸಿಕೊಂಡೆ. ಗಿರಾಕಿ ಮಾತಾಡುತ್ತಿದ್ದಂತೆ ಮನಸ್ಸಿನಲ್ಲಿ ಊರ ಮನೆಗೆ ಹೋಗಿ ನಿಲ್ಲುತ್ತಿದ್ದೆ. ಎರಡು ಕೆಜಿ ತೊಗರಿಬೇಳೆ ಎಂದರೆ ನಮ್ಮ ದಣಪೆಯ, ಅಂದರೆ ಅಂಗಳದ ಗೇಟಿನ, ಎರಡೂ ಕಡೆ ಒಂದೊಂದು ಚೀಲ ತೂಗುತ್ತಿತ್ತು. ಬೆಲ್ಲ ಎಂದರೆ ತುಳಸಿಕಟ್ಟೆಯ ಮೇಲೆ ಅಚ್ಚುಬೆಲ್ಲ, ಅದಕ್ಕೆ ಮುತ್ತಿದ ಇರುವೆ ಸಾಲು. ಕೊಬ್ಬರಿ ಎಣ್ಣೆ ಜಗುಲಿಯ ಮೆಟ್ಟಿಲ ಮೇಲೆ ಚೆಲ್ಲಿ ಕಾಲು ಜಾರುತ್ತಿತ್ತು. ನಡುಮನೆಯ ಉಯ್ಯಾಲೆಯಲ್ಲಿ ಬೆಂಕಿಪೊಟ್ಟಣ ಕೂತು ತೂಗುತ್ತಿತ್ತು. ಹೀಗೆ ದೇವರ ಕೋಣೆ, ಅಡುಗೆಮನೆ, ಬಚ್ಚಲು ದಾಟಿ ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಪಟ್ಟಿ ಮುಗಿಯುತ್ತಿತ್ತು. ಗೋದಾಮಿಗೆ ಹೋಗಿ ಮತ್ತೆ ದಣಪೆಯಿಂದ ನಡೆದರೆ ಒಂದೂ ತಪ್ಪುತ್ತಿರಲಿಲ್ಲ.

ಇದು ನನ್ನದೇ ಶೋಧ ಎಂದುಕೊಂಡಿದ್ದೆ. ಎಷ್ಟೋ ವರ್ಷಗಳ ನಂತರ ತಿಳಿಯಿತು, ಈ ದಾರಿಗೆ ಎರಡು ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದೆ. ಗ್ರೀಕ್ ಕವಿ ಸಿಮೊನಿಡೀಸ್ ಇದನ್ನು ಕಂಡುಕೊಂಡ ಕಥೆಯನ್ನು ರೋಮಿನ ವಾಗ್ಮಿ ಸಿಸೆರೊ ಬರೆದಿಟ್ಟಿದ್ದಾನೆ. ಕುಸಿದ ಮನೆಯೊಂದರಲ್ಲಿ ಸತ್ತವರು ಯಾರು ಯಾರು ಎಂಬುದನ್ನು ಊಟಕ್ಕೆ ಅವರು ಕೂತಿದ್ದ ಜಾಗದ ನೆನಪಿನಿಂದಲೇ ಆತ ಹೇಳಿದನಂತೆ. ನಮ್ಮ ಮಿದುಳು ಪಟ್ಟಿಯನ್ನು ಬೇಗ ಮರೆಯುತ್ತದೆ, ಜಾಗವನ್ನು ಸುಲಭಕ್ಕೆ ಮರೆಯುವುದಿಲ್ಲ. ನಿಮ್ಮ ಅಜ್ಜಿಮನೆಯ ನೀರಿನ ಹಂಡೆ ಎಲ್ಲಿತ್ತು ಎಂದು ಈ ಕ್ಷಣ ಕೇಳಿದರೆ ನೀವು ಉತ್ತರ ಹೇಳುತ್ತೀರಿ. ಅದನ್ನು ನೀವು ಯಾವತ್ತೂ ಬಾಯಿಪಾಠ ಮಾಡಿರಲಿಲ್ಲ.

2017ರಲ್ಲಿ ನೆದರ್‌ಲೆಂಡ್ಸ್‌ನ ಮಾರ್ಟಿನ್ ಡ್ರೆಸ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ನನಗೆ ತುಂಬ ಬಲ ಕೊಟ್ಟಿತು. ನೆನಪಿನ ಸ್ಪರ್ಧೆಗಳ ಅನುಭವವೇ ಇಲ್ಲದ ಸಾಮಾನ್ಯರಿಗೆ ಅವರು ದಿನಕ್ಕೆ ಅರ್ಧ ಗಂಟೆಯಂತೆ 40 ದಿನ ಇದೇ ವಿಧಾನ ಕಲಿಸಿದರು. ಮೊದಲು 72 ಪದಗಳ ಪಟ್ಟಿಯಲ್ಲಿ ಸರಾಸರಿ 26 ನೆನಪಿಟ್ಟಿದ್ದವರು ಕೊನೆಗೆ 62 ನೆನಪಿಟ್ಟರು. ವಿಶ್ವ ಮೆಮೊರಿ ಚಾಂಪಿಯನ್‌ಷಿಪ್ 1991ರಲ್ಲಿ ಮೊದಲ ಸಲ ನಡೆದಾಗ ಗೆದ್ದ, ಮುಂದೆ ಒಟ್ಟು ಎಂಟು ಸಲ ಆ ಪಟ್ಟಕ್ಕೇರಿದ ಇಂಗ್ಲೆಂಡಿನ ಡಾಮಿನಿಕ್ ಓಬ್ರಿಯನ್ ಕೂಡ ಬಾಲ್ಯದಲ್ಲಿ ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕಿನಿಂದ ತೊಳಲಾಡಿದವರು. ಒಳ್ಳೆಯ ನೆನಪು ಹುಟ್ಟುತ್ತ ಬರುವ ವರ ಎಂಬ ನಂಬಿಕೆ ನನ್ನಲ್ಲಿ ಅಲ್ಲಿಗೆ ಪೂರ್ತಿ ಹೋಯಿತು.

‘ನಿಧಿ’ ಮತ್ತು ‘ನಿದಿ’

ಅಂಗಡಿಯ ಮಹಡಿಯಲ್ಲಿ ಸಂಗೀತ ಹೇಳಿಕೊಡುವ ಒಬ್ಬ ಹಿರಿಯರು ಬಾಡಿಗೆಗಿದ್ದರು. ದಿನವೂ ಸಾಮಾನು ಕೊಡಲು ಹೋಗುತ್ತಿದ್ದ ನನಗೆ ಅವರು ಒಂದು ಸಂಜೆ ಕಟಪಯಾದಿ ಹೇಳಿಕೊಟ್ಟರು. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನಲ್ಲೇ ಅವುಗಳ ಸಂಖ್ಯೆ ಅಡಗಿದೆ. ಕ, ಟ, ಪ, ಯ ನಾಲ್ಕಕ್ಕೂ 1. ಖ, ಠ, ಫ, ರ ನಾಲ್ಕಕ್ಕೂ 2. ಹೀಗೆ ವರ್ಗದ ಕ್ರಮದಲ್ಲೇ ಎಣಿಕೆ ಸಾಗುತ್ತದೆ, ಞ ಮತ್ತು ನ ಸೊನ್ನೆ. ಹೆಸರಿನ ಮೊದಲೆರಡು ಅಕ್ಷರದ ಅಂಕಿ ತೆಗೆದು ಹಿಂದುಮುಂದು ಮಾಡಿದರೆ ಮೇಳದ ಸಂಖ್ಯೆ ಸಿಗುತ್ತದೆ. ಮಾಯಾಮಾಳವಗೌಳದ ‘ಮ’ 5, ‘ಯ’ 1, ತಿರುಗಿಸಿದರೆ 15. ಪೂರ್ತಿ ಕಿವಿಯಿಂದ ಕಲಿಯುವ ವಿದ್ಯೆ. ಒಂದು ವಾರದಲ್ಲಿ ನನಗೆ ಬಂತು.

ಅದರ ಜೊತೆಗೆ ನಾನು ನಿರೀಕ್ಷಿಸದ ಇನ್ನೊಂದು ಸಂಗತಿ ನಡೆಯಿತು. ಕಟಪಯಾದಿಯಲ್ಲಿ ‘ದ’ 8, ‘ಧ’ 9. ‘ನಿಧಿ’ ಎಂದರೆ 90, ಮಹಾಪ್ರಾಣ ಬಿಟ್ಟು ‘ನಿದಿ’ ಎಂದರೆ 80. ‘ಬ’ 3, ‘ಭ’ 4. ಶಾಲೆಯಲ್ಲಿ ಹತ್ತು ವರ್ಷ ಅವಳಿಗಳಾಗಿಯೇ ಉಳಿದ ಅಕ್ಷರಗಳು ಇಲ್ಲಿ ಬೇರೆ ಬೇರೆ ಬೆಲೆ ಹೊತ್ತು ಬೇರೆ ಬೇರೆ ಮುಖ ತೋರಿಸಿದವು. ಹಿರಿಯರು ಪ್ರತಿ ಅಕ್ಷರವನ್ನೂ ನನ್ನಿಂದ ಗಟ್ಟಿಯಾಗಿ ಹೇಳಿಸಿ, ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ‘ಧ’ ಹೇಳುವಾಗ ಉಸಿರು ತಾಗುವುದನ್ನು ತೋರಿಸಿದರು. ಆಮೇಲೆ ತಟ್ಟೆಯಲ್ಲಿ ಅಕ್ಕಿ ಹರವಿ ಅದೇ ಅಕ್ಷರವನ್ನು ಬೆರಳಿನಿಂದ ತೀಡಿಸಿದರು. ಕಿವಿ, ಬಾಯಿ, ಕೈ, ಕಣ್ಣು ಒಟ್ಟಿಗೆ ಕೆಲಸ ಮಾಡಿದಾಗ ಅಕ್ಷರ ನಿಂತಿತು. ಓದುವುದು ಕಷ್ಟವಾದ ಮಕ್ಕಳಿಗೆ ಹೀಗೆ ಹಲವು ಇಂದ್ರಿಯಗಳ ಮೂಲಕ, ಒಂದೊಂದೇ ಧ್ವನಿಯನ್ನು ಅಕ್ಷರಕ್ಕೆ ಜೋಡಿಸಿ ಕಲಿಸುವ ಪದ್ಧತಿಯನ್ನು ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಅನ್ನಾ ಗಿಲ್ಲಿಂಗ್‌ಹ್ಯಾಮ್ ರೂಪಿಸಿದ್ದರು ಎಂದು ಬಹಳ ತಡವಾಗಿ ಓದಿದೆ. ನಮ್ಮ ಹಳೆಯ ಮಠಗಳಲ್ಲಿ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದುದು, ಅಕ್ಷರಾಭ್ಯಾಸಕ್ಕೆ ಅಕ್ಕಿಯ ಮೇಲೆ ಬರೆಸುವುದು ನೆನಪಾಗಿ ಮನಸ್ಸು ತುಂಬಿ ಬಂತು. ಮೊದಲ ದಿನ ಅಕ್ಕಿಯ ಮೇಲೆ ಬರೆಸಿ ಮರುದಿನವೇ ನಾವು ಆ ತಟ್ಟೆಯನ್ನು ಒಳಗಿಡುತ್ತೇವೆ. ಕೆಲವು ಮಕ್ಕಳಿಗೆ ಅದು ಎರಡು ವರ್ಷ ಹೊರಗೇ ಇರಬೇಕು.

ಆ ಹಿರಿಯರೇ ನನ್ನನ್ನು ಶತಾವಧಾನಿ ಆರ್. ಗಣೇಶರ ಅಷ್ಟಾವಧಾನಕ್ಕೂ ಕರೆದುಕೊಂಡು ಹೋದರು. ಪ್ರಶ್ನೆ ಕೇಳುವ ಎಂಟು ಪೃಚ್ಛಕರು ಸುತ್ತ ಕೂತು ಸಮಸ್ಯೆ, ದತ್ತಪದಿ, ನಿಷೇಧಾಕ್ಷರಿ, ಸಂಖ್ಯಾಬಂಧ ಎಂದು ಎಳೆದಾಡುತ್ತಿದ್ದರೆ, ನಡುವೆ ಅಪ್ರಸ್ತುತ ಪ್ರಸಂಗದವರು ಗಮನ ಕೆಡಿಸುತ್ತಿದ್ದರೆ, ಅವಧಾನಿಗಳ ಮುಂದೆ ಕಾಗದವೂ ಇಲ್ಲ, ಲೇಖನಿಯೂ ಇಲ್ಲ. ಕೊನೆಗೆ ಎಲ್ಲ ಪದ್ಯಗಳನ್ನೂ ಧಾರಣೆಯಿಂದ ಹೇಳಿದರು. ಅವರ ಪಾಂಡಿತ್ಯದ ಹತ್ತಿರಕ್ಕೆ ಹೋಗುವ ಯೋಗ್ಯತೆ ನನಗಿಲ್ಲ. ಆದರೆ ಕಾಗದಕ್ಕೆ ಹೆದರಿ ಬೆಳೆದವನಿಗೆ ಆ ಬರಿಗೈ ತುಂಬ ದೊಡ್ಡ ಭರವಸೆ ಕೊಟ್ಟಿತು.

ಹೆಸರು ಸಿಕ್ಕ ದಿನ

ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸಾದೆ. ಅಕ್ಕ ಪಾಠಗಳನ್ನು ಕ್ಯಾಸೆಟ್ಟಿಗೆ ಓದಿಕೊಟ್ಟಳು, ನಾನು ಕೇಳಿ ಕಲಿತೆ. ಮುಂದಿನ ಓದೂ ಅಂಗಡಿಯ ಕೆಲಸದ ಜೊತೆಗೇ ನಡೆಯಿತು. ಆದರೂ ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆಪತ್ರಿಕೆ ಓದಿ ಮುಗಿಸುವುದಕ್ಕೇ ಉಳಿದವರಿಗಿಂತ ಎರಡು ಪಟ್ಟು ಹೊತ್ತು ಬೇಕಾಗುತ್ತಿತ್ತು. ಯಾಕೆಂದು ತಿಳಿದದ್ದು 31ನೇ ವಯಸ್ಸಿನಲ್ಲಿ. ಅಕ್ಕನ ಮಗನನ್ನು ತಜ್ಞರ ಬಳಿ ತೋರಿಸಲು ಜೊತೆಗೆ ಹೋಗಿದ್ದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅವರು ‘ಡಿಸ್ಲೆಕ್ಸಿಯಾ’ ಎಂದರು, ಇದು ಕುಟುಂಬದಲ್ಲಿ ಹರಿದು ಬರುವುದುಂಟು, ಮನೆಯಲ್ಲಿ ಮತ್ತೆ ಯಾರಿಗಾದರೂ ಓದು ಕಷ್ಟವಿತ್ತೇ ಎಂದು ಕೇಳಿದರು. ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ನನಗೆ ಮಾತು ಹೊರಡಲಿಲ್ಲ.

ಮನೆಗೆ ಬಂದು ಆ ಪದದ ಹಿಂದೆ ಬಿದ್ದೆ. 1896ರಲ್ಲಿ ಇಂಗ್ಲೆಂಡಿನ ಸೀಫರ್ಡ್ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಹುಡುಗನೊಬ್ಬನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದರು. ಹುಡುಗ ಚುರುಕು, ಕಣ್ಣು ಸರಿಯಿದೆ, ಲೆಕ್ಕ ಬರುತ್ತದೆ, ಓದು ಮಾತ್ರ ಬಾರದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಇವನೇ ಶಾಲೆಯ ಅತಿ ಜಾಣ ಹುಡುಗನಾಗುತ್ತಿದ್ದ ಎಂದು ಅವನ ಶಿಕ್ಷಕರು ಹೇಳಿದ್ದರಂತೆ. ನಾನು ಹುಟ್ಟುವ ಮುಕ್ಕಾಲು ಶತಮಾನ ಮೊದಲೇ ಇದು ಅಚ್ಚಾಗಿತ್ತು. ಆ ಸಾಲು ಓದಿದ ರಾತ್ರಿ ನಾನು ಅತ್ತೆ.

ನಮ್ಮ ದೇಶದ ಕಾನೂನಿಗೆ ಈ ಮಕ್ಕಳು ಕಾಣಲು ಇನ್ನೂ ಹೊತ್ತು ಹಿಡಿಯಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆ ಸೇರಿರಲಿಲ್ಲ. 2016ರ ಕಾಯ್ದೆ ಪಟ್ಟಿ ಮಾಡಿದ 21 ನ್ಯೂನತೆಗಳಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಸೇರಿತು. ಅದಕ್ಕೂ ಮೊದಲು 2007ರಲ್ಲಿ ಬಂದ ‘ತಾರೇ ಜಮೀನ್ ಪರ್’ ಸಿನಿಮಾ ಎಷ್ಟೋ ಮನೆಗಳಿಗೆ ಈ ಪದವನ್ನು ಮುಟ್ಟಿಸಿತ್ತು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಇಂದು ಪರೀಕ್ಷೆ ಮಾಡಿಸಬಹುದು. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಲು ಅವಕಾಶವಿದೆ. ಸಂಕೋಚ ಬೇಡ, ಕೇಳಿ. ಕನ್ನಡಕ ಹಾಕಿಕೊಂಡು ಪರೀಕ್ಷೆ ಬರೆಯುವ ಮಗುವನ್ನು ನಾವು ಮೋಸಗಾರ ಎನ್ನುವುದಿಲ್ಲ.

ಎಂಟು ಜಾಗ, ಎಂಟು ಸಾಹಿತಿಗಳು

ಅಕ್ಕನ ಮಗನಿಗೆ ಹೇಳಿಕೊಡಲು ಶುರು ಮಾಡಿದ್ದೇ ಮುಂದೆ ಕಸುಬಾಯಿತು. ಮೊದಲ ತರಗತಿಯಲ್ಲಿ ಏನು ಮಾಡಿಸುತ್ತೇನೆ ಎಂಬುದನ್ನು ಇಲ್ಲೇ ತೋರಿಸುತ್ತೇನೆ. ಕನ್ನಡದ ಎಂಟು ಜ್ಞಾನಪೀಠ ಪುರಸ್ಕೃತರನ್ನು ಇಸವಿಯ ಸಮೇತ ನೆನಪಿಡಬೇಕು. ನಮ್ಮ ಮನೆಯಲ್ಲಿ ಎಂಟು ಜಾಗ ಇದ್ದೇ ಇವೆ.

ದಣಪೆಯಲ್ಲಿ ಸೀತೆ ನಿಂತಿದ್ದಾಳೆ. ಕಟಪಯಾದಿಯಲ್ಲಿ ‘ಸೀ’ 7, ‘ತೆ’ 6, ತಿರುಗಿಸಿದರೆ 67. ‘ಶ್ರೀ ರಾಮಾಯಣ ದರ್ಶನಂ’ ಬರೆದ ಕುವೆಂಪು, 1967. ತುಳಸಿಕಟ್ಟೆಗೆ ನಾಲ್ಕು ತಂತಿ ಬಿಗಿದಿದೆ, ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ‘ಬಿ’ 3, ‘ಸಿ’ 7, ತಿರುಗಿಸಿದರೆ 73. ‘ನಾಕುತಂತಿ’ಯ ಬೇಂದ್ರೆ. ಜಗುಲಿಯಲ್ಲಿ ಮೂಕಜ್ಜಿ ಸಾಸಿವೆ ಹಸನು ಮಾಡುತ್ತಿದ್ದಾಳೆ, ‘ಸಾಸಿ’ ಎಂದರೆ 77, ಶಿವರಾಮ ಕಾರಂತರು. ನಡುಮನೆಯ ಉಯ್ಯಾಲೆಯಲ್ಲಿ ಚಿಕವೀರ ರಾಜೇಂದ್ರ ಗದೆ ಹಿಡಿದು ಕೂತಿದ್ದಾನೆ, ‘ಗದೆ’ 83, ಮಾಸ್ತಿ. ದೇವರ ಕೋಣೆಯಲ್ಲಿ ಗೋಕಾಕರಿಗೆ ನಿಧಿ ಸಿಕ್ಕಿದೆ, 90. ಅಡುಗೆಮನೆಯಲ್ಲಿ ಅನಂತಮೂರ್ತಿಯವರ ಮುಂದೆ ಹೊಸ ವಧು, 94. ಬಚ್ಚಲಲ್ಲಿ ‘ನಾಗಮಂಡಲ’ದ ನಾಗ ದಧಿ ಕುಡಿಯುತ್ತಿದೆ, ಅಂದರೆ ಮೊಸರು, 98, ಕಾರ್ನಾಡರು. ಕೊಟ್ಟಿಗೆಯಲ್ಲಿ ಕಂಬಾರರ ಕಾಲಬಳಿ ನಾಯಿ ಮಲಗಿದೆ, ‘ನಾಯಿ’ 10, ಹೊಸ ಶತಮಾನದ 2010.

ಈಗ ಪುಟದಿಂದ ಕಣ್ಣು ತೆಗೆದು, ದಣಪೆ ದಾಟಿ ಒಮ್ಮೆ ನಡೆದು ನೋಡಿ. ಆಮೇಲೆ ಕೊಟ್ಟಿಗೆಯಿಂದ ವಾಪಸ್ ಬನ್ನಿ. ಮಕ್ಕಳಿಗೆ ನನ್ನ ಮನೆ ಕೊಡುವುದಿಲ್ಲ, ಅವರವರ ಮನೆ, ಅವರವರ ಓಣಿ. ಕಳೆದ ಹತ್ತು ನಿಮಿಷದಲ್ಲಿ ಎಂಟು ಇಸವಿ ಕಲಿತೆ ಎಂದು ಗೊತ್ತಾದಾಗ ‘ನನಗೆ ಏನೂ ನೆನಪಿರಲ್ಲ’ ಎನ್ನುತ್ತಿದ್ದ ಮಗು ಬೆನ್ನು ನೆಟ್ಟಗೆ ಮಾಡಿ ಕೂರುತ್ತದೆ. ಇಸವಿಗಳಿಗಿಂತ ಆ ನೆಟ್ಟಗಾದ ಬೆನ್ನು ನನಗೆ ಮುಖ್ಯ.

ಕಲಿತ ಪಾಠಗಳು

ಮೊದಲನೆಯದು, ಮತ್ತೆ ಮತ್ತೆ ಓದುವುದು ಕಲಿಕೆಯಲ್ಲ. ನಿಧಾನ ಓದುಗನಾದ ನನಗೆ ಒಂದೇ ಪಾಠ ನಾಲ್ಕು ಸಲ ಓದುವ ಸಮಯ ಇರಲಿಲ್ಲ. ಒಮ್ಮೆ ಕೇಳಿ, ಪುಸ್ತಕ ಮುಚ್ಚಿ, ಗೋಡೆಗೆ ಪಾಠ ಹೇಳುತ್ತಿದ್ದೆ. ಅದೇ ಸರಿಯಾದ ದಾರಿ ಎಂದು 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ತೋರಿಸಿದರು. ಒಂದು ಪಾಠವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರ ಶೇ. 81ರಷ್ಟು ಹೇಳಿದರು, ಒಮ್ಮೆ ಓದಿ ಒಮ್ಮೆ ನೋಡದೆ ಬರೆದವರು ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು: ಎರಡು ಸಲ ಓದಿದವರಲ್ಲಿ ಉಳಿದದ್ದು ಶೇ. 42, ನೋಡದೆ ಬರೆದವರಲ್ಲಿ ಶೇ. 56. ಮಗು ಪುಸ್ತಕ ಮುಚ್ಚಿಟ್ಟು ತಡವರಿಸುತ್ತಿದ್ದರೆ ‘ಇನ್ನೊಮ್ಮೆ ಓದು’ ಎಂದು ಗದರಬೇಡಿ. ಆ ತಡವರಿಕೆಯಲ್ಲೇ ನೆನಪು ಗಟ್ಟಿಯಾಗುತ್ತಿರುತ್ತದೆ.

ಎರಡನೆಯದನ್ನು ಈ ಕಸುಬಿನವನಾಗಿ ಒತ್ತಿ ಹೇಳಬೇಕು. ನೆನಪಿನ ವಿಧಾನಗಳು ಡಿಸ್ಲೆಕ್ಸಿಯಾವನ್ನು ವಾಸಿ ಮಾಡುವುದಿಲ್ಲ. ನಾನು ಇಂದಿಗೂ ನಿಧಾನವಾಗಿಯೇ ಓದುತ್ತೇನೆ, ಈ ಲೇಖನವನ್ನೂ ಬಾಯಲ್ಲಿ ಹೇಳಿ ಬರೆಸಿ, ಓದಿಸಿ ಕೇಳಿ ತಿದ್ದಿದ್ದೇನೆ. ಓದು ಸುಧಾರಿಸಲು ಧ್ವನಿ ಮತ್ತು ಅಕ್ಷರವನ್ನು ಕ್ರಮವಾಗಿ ಜೋಡಿಸಿ ಕಲಿಸುವ ತಜ್ಞ ಶಿಕ್ಷಕರೇ ಬೇಕು. ನಾನು ಕೊಡುವುದು ಆ ಕೆಲಸ ನಡೆಯುತ್ತಿರುವಾಗ ಕಲಿಕೆ ನಿಂತುಹೋಗದಂತೆ ಇನ್ನೊಂದು ಬಾಗಿಲು. ‘ಮಿಡ್‌ಬ್ರೈನ್ ಆಕ್ಟಿವೇಷನ್’ ಎಂದು ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ ಎನ್ನುವವರನ್ನು ದಯವಿಟ್ಟು ನಂಬಬೇಡಿ. ಮಂಗಳೂರಿನ ನರೇಂದ್ರ ನಾಯಕರಂಥ ವಿಚಾರವಾದಿಗಳು ಅದರ ಹುಳುಕನ್ನು ಬಯಲು ಮಾಡಿದ್ದಾರೆ. ಮಗು ಮೂಗಿನ ಪಕ್ಕದ ಸಂದಿಯಿಂದ ನೋಡುತ್ತದೆ, ಜೊತೆಗೆ ಸುಳ್ಳು ಹೇಳುವುದನ್ನೂ ಕಲಿಯುತ್ತದೆ.

ಮೂರನೆಯದು, ಅವಮಾನದಲ್ಲಿ ಯಾರೂ ಕಲಿಯುವುದಿಲ್ಲ. ಹೆದರಿದ ಮಗುವಿನ ಗಮನವೆಲ್ಲ ಎದುರಿಗಿರುವವರ ಕೈಯ ಮೇಲೆ ಇರುತ್ತದೆ, ಪುಟದ ಮೇಲೆ ಇರುವುದಿಲ್ಲ. ಹತ್ತು ವರ್ಷ ಆ ಕೈ ನೋಡಿಯೇ ಕಳೆದವನು ನಾನು. ಆದ್ದರಿಂದ ನಮ್ಮ ತರಗತಿಯಲ್ಲಿ ಒಂದೇ ಒಂದು ನಿಯಮವಿದೆ: ಒಬ್ಬರು ಓದುವಾಗ ಉಳಿದವರು ಪದ ಎತ್ತಿಕೊಡಬಾರದು.

ಕಳೆದ ಮಳೆಗಾಲದಲ್ಲಿ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಮೊದಲ ಸಲ ಎಲ್ಲರ ಮುಂದೆ ಎದ್ದು ನಿಂತಳು. ಎರಡು ತಿಂಗಳು ಅಕ್ಕಿತಟ್ಟೆಯಲ್ಲಿ ತೀಡಿದ ಬೆರಳು ಅದು. ಸಾಲಿನ ನಡುವೆ ‘ಹರ್ಷ’ ಬಂತು. ಹುಡುಗಿ ನಿಂತಳು. ತೋರುಬೆರಳು ‘ಷ’ದ ಬಲಕ್ಕೆ ಹೋಗಿ ಅರ್ಕಾವೊತ್ತನ್ನು ಮುಟ್ಟಿತು, ಅಲ್ಲಿಂದ ಹಿಂದಕ್ಕೆ ಬಂದು ‘ಹ’ ಮತ್ತು ‘ಷ’ದ ನಡುವಿನ ಖಾಲಿ ಜಾಗದಲ್ಲಿ ಊರಿತು. ಹೊರಗೆ ಹಂಚಿನಿಂದ ನೀರು ಇಳಿಯುತ್ತಿತ್ತು. ಹನ್ನೆರಡು ಮಕ್ಕಳು ಬಾಯಿ ಬಿಗಿಹಿಡಿದು ಕೂತಿದ್ದರು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹತ್ತು ದಾಟಿತು, ಹನ್ನೊಂದು, ಹನ್ನೆರಡು.

“ಹರ್ಷ” ಎಂದಳು, ಸ್ಪಷ್ಟವಾಗಿ. ಮತ್ತೆ ಬೆರಳು ಎತ್ತಿ ಮುಂದಿನ ಪದಕ್ಕೆ ಇಟ್ಟಳು.